ಕತ್ತಲೆಕಾನಿನಿಂದ ಹೊರಬರುವ ನಕ್ಷೆ

ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿ ಮಾವಿನಗುಂಡಿ ದಾಟಿ ಮಲೆಮನೆ ಘಟ್ಟ ಹಿಡಿಯುವ ಆಸುಪಾಸಿನಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನು ಇದೆ. ಸಸ್ಯಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ರಾಮಪತ್ರೆ ಜಾತಿಯ ಮರಗಳು ನಿಂತ ನೀರಿನಲ್ಲಿ ಬೇರು ಮೇಲೆತ್ತಿಕೊಂಡು ಬೆಳೆಯುವ ಜೌಗುಗಳು ಇಲ್ಲಿನ ಕಣಿವೆಗಳಲ್ಲಿವೆ. ಸ್ಥಳೀಯರ ಬಾಯಲ್ಲಿ ಅವು ರಾಮಪತ್ರೆ ಜಡ್ಡಿ. ಇಂಥ ಜೌಗುಗಳು ವಿಜ್ಞಾನದ ದಾಖಲೆಗೆ ಬಂದದ್ದು 1960ರಲ್ಲಿ, ತಿರುವಾಂಕೂರಿನ ಕಾಡುಗಳ ವರದಿಯೊಂದರಿಂದ. ಕತ್ತಲೆಕಾನಿನ ಜೌಗಿನಲ್ಲಿ ಸಿಕ್ಕಿದ ಗೇರು ಕುಟುಂಬದ ಮರವೊಂದನ್ನು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಈ ಊರಿನ ಹೆಸರನ್ನೇ ಅದಕ್ಕೆ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್.

ಸಸ್ಯಶಾಸ್ತ್ರದ ತಂಡವೊಂದು ಈ ಸುತ್ತಿನ ಇನ್ನಷ್ಟು ಕಣಿವೆಗಳಲ್ಲಿ ಇಂಥ ಜೌಗು ಉಳಿದಿದೆಯೇ ಎಂದು ನೋಡಲು ಹೊರಟಿತ್ತು. ಅರಣ್ಯ ಇಲಾಖೆಯ ಅನುಮತಿ ಪತ್ರ ಅವರ ಕೈಯಲ್ಲಿತ್ತು. ಈ ಭಾಗದಲ್ಲಿ ಮೀಸಲು ಅರಣ್ಯವೂ ಉಂಟು, 2019ರಲ್ಲಿ ವಿಸ್ತರಿಸಿ ಘೋಷಿಸಿದ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವೂ ಉಂಟು. ಅಭಯಾರಣ್ಯದೊಳಗೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪ್ಪಣೆ ಬೇಕೇ ಬೇಕು. ಅದಿಲ್ಲದವರು ಈ ಬರಹವನ್ನು ಮನೆಯಲ್ಲೇ ಕುಳಿತು ಓದಿದರೆ ಸಾಕು. ನನ್ನ ಪಾಲಿಗೆ ಬಂದದ್ದು ನಕ್ಷೆಯ ಕೆಲಸ: ಯಾವ ಕಣಿವೆಗೆ ಎಲ್ಲಿಂದ ಇಳಿಯಬೇಕು, ಎಲ್ಲಿ ಇಳಿಯಲೇಬಾರದು.

ತಂಡದ ಜೊತೆ ಕುಳಿತಾಗ ನಾನು ಕೇಳಿದ ಮೊದಲ ಪ್ರಶ್ನೆ, ಒಳಗೆ ಒಬ್ಬರ ಪಾದ ಉಳುಕಿದರೆ ಅಥವಾ ಹಾವು ಕಚ್ಚಿದರೆ ಜೀಪು ನಿಲ್ಲುವ ಜಾಗಕ್ಕೆ ಅವರನ್ನು ಎಷ್ಟು ಹೊತ್ತಿನಲ್ಲಿ ತಂದು ಮುಟ್ಟಿಸಬೇಕು ಎಂಬುದು. ಚರ್ಚೆ ಮಾಡಿ 90 ನಿಮಿಷ ಎಂದು ಗೆರೆ ಎಳೆದೆವು. ನಮ್ಮಲ್ಲಿ ಸಿಗುವ ಹಾವಿನ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಈ ಕಾಡಿನ ಗುಳಿಮಂಡಲಗಳಿಗೂ ಕಾಳಿಂಗಕ್ಕೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಬೇಗ ಆಸ್ಪತ್ರೆ ಸೇರುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಒಳಹೋಗುವ ದಾರಿಯನ್ನು ಕಾವಲುಗಾರರು ಹೇಗೂ ತೋರಿಸುತ್ತಾರೆ. ನಾನು ಕಟ್ಟಬೇಕಾದದ್ದು ಕಾಡಿನ ಪ್ರತಿಯೊಂದು ಚೌಕದಿಂದ ಹೊರಬರಲು ಹಿಡಿಯುವ ಸಮಯದ ನಕ್ಷೆ ಎಂದು ಅಲ್ಲಿಗೆ ತೀರ್ಮಾನವಾಯಿತು. ಮುಂದಿನ ಎಲ್ಲ ಕೆಲಸ ಈ ಒಂದು ಲೆಕ್ಕದ ಸುತ್ತ ನಡೆದದ್ದು.

ಎತ್ತರದ ಮಾದರಿ

ಸಮಯದ ಲೆಕ್ಕಕ್ಕೆ ಇಳಿಜಾರು ಬೇಕು, ಇಳಿಜಾರಿಗೆ ನೆಲದ ಎತ್ತರ ಬೇಕು. ತೊಡಕು ಶುರುವಾಗುವುದೇ ಇಲ್ಲಿ. ನೆಲವನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕದ ಎತ್ತರ ಬರೆದಿಟ್ಟ ಕಡತವೇ ಎತ್ತರದ ಮಾದರಿ. ಉಚಿತವಾಗಿ ಸಿಗುವಂಥವು ಮುಖ್ಯವಾಗಿ ಮೂರು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆ ರಾಡಾರ್ ಹಿಡಿದು ಅಳೆದ ಎಸ್‌ಆರ್‌ಟಿಎಂ ಒಂದು. ನಮ್ಮದೇ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ತಯಾರಾಗಿ ಇಸ್ರೊದ ಭುವನ್ ಜಾಲತಾಣದಲ್ಲಿ ಸಿಗುವ ಕಾರ್ಟೊಡೆಮ್ ಇನ್ನೊಂದು. ಜರ್ಮನಿಯ ಟ್ಯಾಂಡೆಮ್-ಎಕ್ಸ್ ರಾಡಾರ್ ಜೋಡಿಯಿಂದ ಬಂದ ಕೋಪರ್ನಿಕಸ್ 30 ಮೀಟರ್ ಮಾದರಿ ಮೂರನೆಯದು. ಮೂರೂ ಸುಮಾರು 30 ಮೀಟರಿನ ಚೌಕಗಳಲ್ಲಿ ಸಿಗುತ್ತವೆ.

ಅಲಾಸ್ಕದ ಕೇಂದ್ರವೊಂದರಿಂದ ಸಿಗುವ ‘12.5 ಮೀಟರ್ ಆಲೋಸ್ ಪಾಲ್ಸಾರ್’ ಮಾದರಿಯನ್ನು ಹೆಚ್ಚು ನಿಖರವೆಂದು ನಂಬಿ ಬಳಸುವವರನ್ನು ಬಹಳ ಕಂಡಿದ್ದೇನೆ. ನಮ್ಮ ಭಾಗದ ಮಟ್ಟಿಗೆ ಅದು ಹಳೆಯ ಎಸ್‌ಆರ್‌ಟಿಎಂ ಅನ್ನೇ ಸಣ್ಣ ಚೌಕಗಳಾಗಿ ಕತ್ತರಿಸಿ ಕೊಟ್ಟದ್ದು, ಹೊಸ ಅಳತೆಯಲ್ಲ. ಆ ಕಡತದ ಜೊತೆ ಬರುವ ವಿವರಣೆಯಲ್ಲೇ ಇದನ್ನು ಬರೆದಿದ್ದಾರೆ. ಯಾರೂ ಓದುವುದಿಲ್ಲ.

ನಾನು ಕೋಪರ್ನಿಕಸ್ ಮಾದರಿಯನ್ನು ಆರಿಸಿಕೊಂಡೆ. ಹಳ್ಳ ಮತ್ತು ದಿಣ್ಣೆಗಳ ಆಕಾರ ಇದರಲ್ಲಿ ಉಳಿದ ಎರಡಕ್ಕಿಂತ ಸ್ಪಷ್ಟವಾಗಿತ್ತು. ಆದರೆ ಟ್ಯಾಂಡೆಮ್-ಎಕ್ಸ್ ಬಳಸುವ ಮೂರು ಸೆಂಟಿಮೀಟರಿನ ಅಲೆ ದಟ್ಟ ಕಾಡಿನ ಎಲೆಗಳಲ್ಲೇ ತಡೆದು ಹಿಂದಿರುಗುತ್ತದೆ, ನೆಲ ಮುಟ್ಟುವುದಿಲ್ಲ. ಅಂದರೆ ಈ ಮಾದರಿ ಹೇಳುವುದು ಮರಗಳ ಮೇಲ್ಭಾಗದ ಎತ್ತರವನ್ನು. ಮದುವೆ ಚಪ್ಪರದ ಮೇಲೆ ನಿಂತು ಕೆಳಗಿನ ಪಂಕ್ತಿಯಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂದು ಹೇಳಿದ ಹಾಗೆ.

ಚಪ್ಪರ ಒಂದೇ ಎತ್ತರದಲ್ಲಿದ್ದಷ್ಟು ದೂರ ಇದರಿಂದ ದೊಡ್ಡ ಹಾನಿಯಿಲ್ಲ. ನೆಲದ ಇಳಿಜಾರು ಹೆಚ್ಚು ಕಡಿಮೆ ಮರಗಳ ನೆತ್ತಿಯಲ್ಲೂ ಮೂಡಿರುತ್ತದೆ. ಕೆಡುವುದು ಅಂಚಿನಲ್ಲಿ. ಅಡಿಕೆ ತೋಟ, ಗದ್ದೆ ಅಥವಾ ಬೇಣದ (ಹುಲ್ಲುಗಾವಲಿನ) ಪಕ್ಕದಲ್ಲಿ ಒಮ್ಮೆಲೇ 25-30 ಮೀಟರ್ ಎತ್ತರದ ಕಾನು, ಅಂದರೆ ದಟ್ಟ ಕಾಡು, ಶುರುವಾದರೆ, ನಕ್ಷೆಯಲ್ಲಿ ಅಲ್ಲೊಂದು ದರೆ ಎದ್ದು ನಿಲ್ಲುತ್ತದೆ. ಕಂಪ್ಯೂಟರು ಅದನ್ನು ನಂಬಿ, ಹಳ್ಳಿಯವರು ದಿನವೂ ಸೊಪ್ಪು ತರುವ ಸಲೀಸಾದ ದಾರಿಯನ್ನು ಬಿಟ್ಟು ಸುತ್ತು ಹಾಕಿಸುತ್ತದೆ.

ತಾಳೆ ನೋಡಲು ಜೆಡಿಯನ್ನು ಬಳಸಿದೆ. ಇದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2018ರ ಕೊನೆಯಲ್ಲಿ ಜೋಡಿಸಿದ ಲೇಸರ್ ಉಪಕರಣ. ಸುಮಾರು 25 ಮೀಟರ್ ಅಗಲದ ವೃತ್ತಗಳ ಮೇಲೆ ಬೆಳಕು ಬಿಟ್ಟು, ಮರದ ತುದಿ ಎಲ್ಲಿ, ನೆಲ ಎಲ್ಲಿ ಎಂದು ಬೇರೆ ಬೇರೆ ಹೇಳುತ್ತದೆ. ಒಂದೇ ಸಾಲಿನಲ್ಲಿ 60 ಮೀಟರಿಗೊಂದರಂತೆ ಬಿಂದುಗಳು ಬಿದ್ದಿರುತ್ತವೆ, ಸಾಲುಗಳ ನಡುವೆ ಏನೂ ಇರುವುದಿಲ್ಲ. ಇದರಿಂದ ಪೂರ್ತಿ ನಕ್ಷೆ ಮಾಡಲಾಗದು, ಪರೀಕ್ಷೆ ಮಾಡಬಹುದು. ನಿತ್ಯಹರಿದ್ವರ್ಣ ಕಾಡಿನಲ್ಲಿ ಎಲ್ಲ ಬಿಂದುಗಳೂ ನಂಬಿಕೆಗೆ ಅರ್ಹವಲ್ಲ. ರಾತ್ರಿ ಹೊತ್ತಿನಲ್ಲಿ, ಪೂರ್ಣ ಶಕ್ತಿಯ ಕಿರಣಗಳಿಂದ ಬಂದವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೆಗೆದೆ. ಕಡಿದಾದ ಕಡೆ ಅದಕ್ಕೂ ಮಿತಿಯುಂಟು: 30 ಡಿಗ್ರಿ ಇಳಿಜಾರಿನಲ್ಲಿ 25 ಮೀಟರ್ ಅಗಲದ ವೃತ್ತದ ಒಂದು ಅಂಚಿಗೂ ಇನ್ನೊಂದು ಅಂಚಿಗೂ 14 ಮೀಟರ್ ಎತ್ತರದ ವ್ಯತ್ಯಾಸ ಇರುತ್ತದೆ. ‘ನೆಲ’ ಎಂದರೆ ಯಾವ ನೆಲ ಎಂಬ ಪ್ರಶ್ನೆ ಆಗ ಏಳುತ್ತದೆ.

ಇದನ್ನು ಮಾಡಲು ಹೊರಟವರಿಗೆ ಒಂದು ಎಚ್ಚರಿಕೆ. ಜೆಡಿ ಎತ್ತರವನ್ನು ಅಳೆಯುವುದು ಭೂಮಿಯ ಆಕಾರಕ್ಕೆ ಗಣಿತದಲ್ಲಿ ಹೊಂದಿಸಿದ ದೀರ್ಘವೃತ್ತಜದಿಂದ, ಕೋಪರ್ನಿಕಸ್ ಅಳೆಯುವುದು ಸಮುದ್ರಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್‌ನಿಂದ. ನಮ್ಮ ದೇಶದಲ್ಲಿ ಇವೆರಡರ ನಡುವೆ ಹತ್ತಾರು ಮೀಟರ್ ಅಂತರವಿದೆ. ಪರಿವರ್ತಿಸದೆ ಕಳೆದರೆ ಮರಗಳು ಗೋಪುರಕ್ಕಿಂತ ಎತ್ತರವಾಗುತ್ತವೆ, ಇಲ್ಲವೇ ಭೂಮಿಯೊಳಗೆ ಬೆಳೆಯುತ್ತವೆ.

ಸರಿಪಡಿಸಿ ಹೋಲಿಸಿದಾಗ ಒಳಗಾಡಿನಲ್ಲಿ ಮಾದರಿ ನೆಲಕ್ಕಿಂತ ಸುಮಾರು 20 ಮೀಟರ್ ಮೇಲಿತ್ತು. ಅಂಚಿನ ಸುಳ್ಳು ದರೆಗಳನ್ನು ತೆಗೆಯಲು, ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯ ಈಟಿಎಚ್ ಜ್ಯೂರಿಕ್‌ನವರ 10 ಮೀಟರ್ ಚೌಕದ ಮರದೆತ್ತರದ ನಕ್ಷೆಯಿಂದ ಕಾಡಿನ ಗಡಿಯನ್ನು ತೆಗೆದು, ಆ ಗಡಿಯ ಎರಡೂ ಬದಿಯ ಚೌಕಗಳಲ್ಲಿ ಲೆಕ್ಕ ಹಾಕಿದ ಇಳಿಜಾರನ್ನು ಅಳಿಸಿ, ಅಕ್ಕಪಕ್ಕದ ಇಳಿಜಾರಿನಿಂದ ತುಂಬಿದೆ. ಒರಟು ಉಪಾಯವೇ. ಕಾಡನ್ನು ಕಳೆದು ಕೊಡುವ ಫ್ಯಾಬ್‌ಡೆಮ್ ಎಂಬ ಸಿದ್ಧ ಮಾದರಿಯೂ ಇದೆ. ವಾಣಿಜ್ಯ ಬಳಕೆಗೆ ಅಲ್ಲದಿದ್ದರೆ ಅದನ್ನು ಉಚಿತವಾಗಿ ಬಳಸಬಹುದು. ಹೊಸಬರು ಅದರಿಂದಲೇ ಆರಂಭಿಸಲಿ. ನನಗೆ ಅದು ಕಿರುಹಳ್ಳಗಳನ್ನು ತುಸು ಹೆಚ್ಚೇ ನಯಮಾಡಿದಂತೆ ಕಂಡಿತು, ನನ್ನ ಕೆಲಸಕ್ಕೆ ಹಳ್ಳಗಳೇ ಮುಖ್ಯ.

ಹಸಿರನ್ನು ಓದುವುದು

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಡಿಸೆಂಬರಿನದೊಂದು, ಮಾರ್ಚಿನದೊಂದು ತೆಗೆದುಕೊಂಡೆ. ಮಳೆಗಾಲದ ಚಿತ್ರ ಕೇಳಿದರೆ ಮೋಡವೇ ಸಿಗುತ್ತದೆ. ಎರಡರ ನಡುವೆ ಹಸಿರು ಸೂಚ್ಯಂಕ ಬಿದ್ದ ಕಡೆ ಎಲೆಯುದುರುವ ಕಾಡು, ಬೀಳದ ಕಡೆ ನಿತ್ಯಹರಿದ್ವರ್ಣದ ಕಾನು ಅಥವಾ ಅಕೇಶಿಯ. ಅಕೇಶಿಯ ನೆಡುತೋಪನ್ನು ಗುರುತಿಸಲು ಸೂಚ್ಯಂಕ ಬೇಕಿಲ್ಲ. ಗೆರೆ ಎಳೆದಂಥ ಗಡಿ, ಒಂದೇ ಬಣ್ಣ, ಒಂದೇ ಒರಟು. ಅದರೊಳಗೆ ಇಲಾಖೆಯ ಜೀಪು ದಾರಿ ಇದ್ದೇ ಇರುತ್ತದೆ.

ಹೊಸಬರ ಕಣ್ಣು ಎಡವುವ ಜಾಗ ಇದು. ಉಪಗ್ರಹ ಚಿತ್ರದಲ್ಲಿ ಅತ್ಯಂತ ದಟ್ಟವಾಗಿ, ಕಪ್ಪುಹಸಿರಾಗಿ ಕಾಣುವ ಕಾಡನ್ನು ನೋಡಿ ‘ಇಲ್ಲಿ ನುಗ್ಗಲಾಗದು’ ಎಂದುಕೊಳ್ಳುತ್ತಾರೆ. ನಿಜ ಬಹುಪಾಲು ತಿರುಗುಮುರುಗು. ಮುಚ್ಚಿದ ಹಂದರದ ಹಳೆಯ ಕಾನಿನೊಳಗೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಪೊದೆ ಬೆಳೆಯುವುದಿಲ್ಲ. ದಪ್ಪ ಮರಗಳ ನಡುವೆ ತರಗೆಲೆಯ ಮೇಲೆ ಮೈಕೈಗೆ ಏನೂ ತಾಗದಂತೆ ನಡೆಯಬಹುದು. ದೊಡ್ಡ ಮರ ಉರುಳಿ ಹಂದರಕ್ಕೆ ತೂತು ಬಿದ್ದ ಕಡೆಯೇ ಬೆತ್ತದ ಹಿಂಡು, ಸೀಗೆ ಬಳ್ಳಿ, ಕಮ್ಯುನಿಸ್ಟ್ ಗಿಡ, ಲಂಟಾನ ಎಲ್ಲ ಮುಗಿಬಿದ್ದಿರುತ್ತವೆ. ಚಿತ್ರದಲ್ಲಿ ಅದು ತಿಳಿಹಸಿರಿನ, ನೋಡಲು ಸಾಧುವಾದ ಒಂದು ಚುಕ್ಕೆ. ಬೆತ್ತದ ಮುಳ್ಳು ಅಂಗಿ ಹಿಡಿದರೆ ಹಿಂದಕ್ಕೆ ನಡೆದು ಬಿಡಿಸಿಕೊಳ್ಳಬೇಕೇ ಹೊರತು ಮುಂದಕ್ಕೆ ಎಳೆದರೆ ಅಂಗಿಯ ಜೊತೆ ಚರ್ಮವೂ ಹೋಗುತ್ತದೆ. ಗಾಯಾಳುವನ್ನು ಎತ್ತಿಕೊಂಡು ಬರುವಾಗ ಇಂಥ ಒಂದು ತುಂಡು ಅರ್ಧ ಗಂಟೆ ನುಂಗಿಬಿಡಬಹುದು.

ಹಾಗಾಗಿ ಮರದೆತ್ತರದ ನಕ್ಷೆಯಲ್ಲಿ ಸುತ್ತಲೂ 25 ಮೀಟರ್ ಇದ್ದು ನಡುವೆ 12ಕ್ಕಿಂತ ಕಡಿಮೆ ಇದ್ದ ಜಾಗಗಳನ್ನೆಲ್ಲ ‘ತೂತು’ ಎಂದು ಗುರುತಿಸಿದೆ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ಅವುಗಳಲ್ಲಿ ಬಂಡೆ ಯಾವುದು, ಬೇಣ ಯಾವುದು, ನಿಜವಾಗಿ ಮರ ಬಿದ್ದದ್ದು ಯಾವುದು ಎಂದು ಕಣ್ಣಿನಿಂದ ಬೇರ್ಪಡಿಸಿದೆ. ಬೇಸರದ ಕೆಲಸ, ಆದರೆ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಡಿಸೆಂಬರಿನ ಚಿತ್ರಕ್ಕೆ ಇನ್ನೊಂದು ಕಾಟವಿದೆ. ಸೆಂಟಿನೆಲ್-2 ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತದೆ. ಚಳಿಗಾಲದಲ್ಲಿ ಆಗ ಸೂರ್ಯ ಆಗ್ನೇಯಕ್ಕೆ ವಾಲಿರುವುದರಿಂದ ವಾಯವ್ಯಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳೆಲ್ಲ ನೆರಳಿನಲ್ಲಿ ಮುಳುಗುತ್ತವೆ. ನೆರಳನ್ನು ತೇವವೆಂದು ಓದುವ ಅಪಾಯ ಇದ್ದುದರಿಂದ, ತೇವದ ಸೂಚ್ಯಂಕವನ್ನು ಮಾರ್ಚಿನ ಚಿತ್ರದಿಂದಷ್ಟೇ ತೆಗೆದೆ.

ಸೆಂಟಿನೆಲ್-1 ರಾಡಾರ್ ಮೋಡ ಭೇದಿಸುತ್ತದೆ ಎಂಬುದು ನಿಜ. ಅದರ ಐದೂವರೆ ಸೆಂಟಿಮೀಟರಿನ ಅಲೆ ಈ ಕಾನಿನ ಎಲೆಗಳನ್ನು ಭೇದಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ಬದಿಯಿಂದ ನೋಡುವ ರಾಡಾರ್‌ಗೆ ಘಟ್ಟದ ಗೋಡೆಗಳು ಒಂದರ ಮೇಲೊಂದು ಮಡಚಿಕೊಳ್ಳುತ್ತವೆ. ಒಂದು ಸಂಜೆ ಅದರೊಂದಿಗೆ ಗುದ್ದಾಡಿ ಬಿಟ್ಟೆ. ಡ್ರೋನ್ ಹಾರಿಸೋಣ ಎಂಬ ಸಲಹೆಯೂ ಬಂತು. ಅಭಯಾರಣ್ಯದ ಮೇಲೆ ಹಾರಿಸಲು ಬೇರೆಯೇ ಅಪ್ಪಣೆ ಬೇಕು, ಸಿಂಗಳೀಕಗಳಿಗೆ ಗಾಬರಿ, ಮತ್ತು ಕ್ಯಾಮೆರಾಕ್ಕೆ ಕಾಣುವುದು ಅದೇ ಚಪ್ಪರದ ಮೇಲ್ಭಾಗ.

ನೀರು

ಜೌಗು ಹುಡುಕಲು ಮಾಡಿದ ಲೆಕ್ಕವೇ ಜೌಗಿನಲ್ಲಿ ಹೂತುಹೋಗದಿರಲೂ ಬಂತು. ಪ್ರತಿ ಚೌಕವೂ ತನ್ನ ನೀರು ಸೇರುವ ಹತ್ತಿರದ ಹಳ್ಳಕ್ಕಿಂತ ಎಷ್ಟು ಮೀಟರ್ ಮೇಲಿದೆ ಎಂದು ಅಳೆಯುವ ಹ್ಯಾಂಡ್ ಎಂಬ ವಿಧಾನ ಅಮೆಜಾನ್ ಕಾಡಿಗಾಗಿ 2008ರ ಸುಮಾರಿಗೆ ಹುಟ್ಟಿದ್ದು. ಗ್ರಾಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಹಳ್ಳಗಳನ್ನು ತೆಗೆದು, ಈ ಎತ್ತರ ಕಡಿಮೆ ಇದ್ದು, ಇಳಿಜಾರು 5 ಡಿಗ್ರಿಗಿಂತ ಕಡಿಮೆ ಇದ್ದು, ಮಾರ್ಚಿನಲ್ಲೂ ತೇವ ಉಳಿಸಿಕೊಂಡ ಕಣಿವೆ ತಳಗಳನ್ನು ಒಟ್ಟು ಮಾಡಿದೆ. ಎತ್ತರದ ಮಾದರಿಯೇ ಮರದ ತುದಿಯದಾಗಿರುವಾಗ ಇಲ್ಲಿ ಮೀಟರುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಕಡಿಮೆಯಿಂದ ಹೆಚ್ಚಿಗೆ ಸಾಲು ಹಚ್ಚಲು ಸಾಕು. ತಂಡಕ್ಕೆ ಇದು ನೋಡಬೇಕಾದ ಜಾಗಗಳ ಪಟ್ಟಿ. ನನಗೆ ಇದು ದಾರಿ ಹಾಯಬಾರದ ಜಾಗಗಳ ಪಟ್ಟಿ: ಮಂಡಿಯವರೆಗೆ ಹೂಳುವ ಕೆಸರು, ಅದರಿಂದ ಮೇಲೆದ್ದ ಮೊಣಕಾಲಿನಂಥ ಬೇರುಗಳು. ಅವುಗಳನ್ನು ತುಳಿದರೆ ನಮ್ಮ ಕಾಲಿಗೂ ಕೆಡುಕು, ಮರಕ್ಕೂ ಕೆಡುಕು. ದಾರಿ ಜೌಗಿನ ಅಂಚಿನವರೆಗೆ ಮಾತ್ರ ಎಂದು ನಿಯಮ ಮಾಡಿದೆವು.

ಹಳ್ಳ ದಾಟುವುದು ಇದಕ್ಕಿಂತ ದೊಡ್ಡ ವಿಷಯ. ಸಮೀಕ್ಷೆಗೆ ಆರಿಸಿಕೊಂಡ ಕಾಲ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಅದಕ್ಕೂ ಮುಂಚೆ ಹೋದರೆ ಹೊಳೆ ಇಳಿದಿರುವುದಿಲ್ಲ, ಉಂಬಳಗಳ ಕಾಟ. ತಡವಾದರೆ ಮಂಗನ ಕಾಯಿಲೆಯ ಋತು ಬಲಿಯುತ್ತದೆ. ಆದರೆ ಇದೇ ತಿಂಗಳುಗಳಲ್ಲಿ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿ ಎರಡು ತಾಸು ಜಡಿಮಳೆ ಹೊಯ್ದುಬಿಡುವುದೂ ಉಂಟು. ಒಂದು ಸರಳ ಲೆಕ್ಕ: ಗಂಟೆಗೆ 50 ಮಿಲಿಮೀಟರ್ ಮಳೆ 2 ಚದರ ಕಿಲೋಮೀಟರ್ ಜಲಾನಯನದ ಮೇಲೆ ಬಿದ್ದು ಅದರಲ್ಲಿ ಅರ್ಧ ಹರಿದು ಬಂದರೆ ಹಳ್ಳದಲ್ಲಿ ಸೆಕೆಂಡಿಗೆ ಸುಮಾರು 14 ಘನ ಮೀಟರ್ ನೀರು. ಬೆಳಿಗ್ಗೆ ಪಾದ ಮಾತ್ರ ತೋಯಿಸಿಕೊಂಡು ದಾಟಿದ ಹಳ್ಳದಲ್ಲಿ ಸಂಜೆ ಆ ನೀರು ಇದ್ದರೆ ಮನುಷ್ಯ ನಿಲ್ಲಲಾರ.

ಅದಕ್ಕಾಗಿ 2 ಚದರ ಕಿಲೋಮೀಟರಿಗಿಂತ ದೊಡ್ಡ ಜಲಾನಯನವಿರುವ ಹಳ್ಳಗಳನ್ನೆಲ್ಲ ಪ್ರತ್ಯೇಕ ಪದರವಾಗಿ ತೆಗೆದಿಟ್ಟೆ. ಅವುಗಳ ಉದ್ದಕ್ಕೂ ಇಳಿಜಾರು ನೋಡಿ, ಹಠಾತ್ತನೆ ಕಡಿದಾದ ತುಂಡುಗಳಿಗೆ ‘ಅಬ್ಬಿ ಇರಬಹುದು’ ಎಂದು ಗುರುತು ಹಾಕಿದೆ. 30 ಮೀಟರಿನ ಚೌಕದಲ್ಲಿ ಹತ್ತು ಮೀಟರಿನ ಜಲಪಾತ ಸವೆದು ಸಾಧಾರಣ ಇಳಿಜಾರಾಗಿ ಕಾಣುತ್ತದೆ. ಹಳ್ಳದ ಪಾತ್ರವನ್ನೇ ದಾರಿ ಮಾಡಿಕೊಂಡು ಇಳಿಯುವ ಆಸೆ ಘಟ್ಟದಲ್ಲಿ ಎಷ್ಟು ಕೆಟ್ಟದ್ದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಹೊರಬರುವ ಸಮಯ

ಗ್ರಾಸ್‌ನಲ್ಲಿ ಆರ್.ವಾಕ್ ಎಂಬ ಸಾಧನವಿದೆ. ಆರಂಭದ ಬಿಂದು ಕೊಟ್ಟರೆ ಏರು, ಇಳಿ, ನೆಲದ ಅಡಚಣೆ ಮೂರನ್ನೂ ಕೂಡಿಸಿ ಪ್ರತಿ ಚೌಕಕ್ಕೆ ನಡೆದು ತಲುಪುವ ಸೆಕೆಂಡುಗಳನ್ನು ಕೊಡುತ್ತದೆ. ಸಮತಟ್ಟಿನಲ್ಲಿ ಮೀಟರಿಗೆ 0.72 ಸೆಕೆಂಡ್ ಎಂಬುದು ಅದರ ಮೂಲ ಊಹೆ, ಎಂದರೆ ಗಂಟೆಗೆ 5 ಕಿಲೋಮೀಟರ್. ಇದು ಊರ ರಸ್ತೆಯ ನಡಿಗೆ. ಗೊತ್ತಿದ್ದ ಒಂದು ಕಾನಿನಲ್ಲಿ ಜಿಪಿಎಸ್ ಹಿಡಿದು, ಚೀಲ ಹೊತ್ತು, ದಾರಿ ಬಿಟ್ಟು ನಡೆದಾಗ ನಮ್ಮ ವೇಗ ಗಂಟೆಗೆ 1.8 ಕಿಲೋಮೀಟರಿನ ಆಸುಪಾಸು ಇತ್ತು, ಅಂದರೆ ಮೀಟರಿಗೆ 2 ಸೆಕೆಂಡ್. ಆದ್ದರಿಂದ ಮುಚ್ಚಿದ ಕಾನಿಗೆ ಮೀಟರಿಗೆ ಸುಮಾರು 1.3 ಸೆಕೆಂಡ್ ಅಡಚಣೆ ಸೇರಿಸಿದೆ. ಜೀಪು ದಾರಿಗೆ ಸೊನ್ನೆ, ಕಾಲುದಾರಿಗೆ ತುಸು, ಹಂದರದ ತೂತುಗಳಿಗೆ ಮತ್ತು ಕಣಿವೆ ತಳಕ್ಕೆ ಮೂರು-ನಾಲ್ಕು ಪಟ್ಟು, 35 ಡಿಗ್ರಿ ಮೀರಿದ ಇಳಿಜಾರಿಗೆ ಪ್ರವೇಶವೇ ಇಲ್ಲ.

ಆದರೆ ಈ ಸಾಧನ ಲೆಕ್ಕ ಹಾಕುವುದು ಜೀಪಿನಿಂದ ಕಾಡಿನೊಳಕ್ಕೆ. ನಮಗೆ ಬೇಕಾದದ್ದು ಕಾಡಿನಿಂದ ಜೀಪಿಗೆ. ಘಟ್ಟದಲ್ಲಿ ಇವೆರಡೂ ಒಂದೇ ಅಲ್ಲ. ಮೇಲಿನ ರಸ್ತೆಯಿಂದ 300 ಮೀಟರ್ ಇಳಿಯುವುದು ಸಲೀಸು, ಸಂಜೆ ಅದನ್ನೇ ಹತ್ತುವುದು ಬೇರೆ ಕಥೆ. ಕಾಡಿನ ಪ್ರತಿ ಚೌಕದಿಂದ ಒಂದೊಂದು ಸಲ ಓಡಿಸುವುದು ಸಾಧ್ಯವಿಲ್ಲ. ಇದಕ್ಕೊಂದು ಸುಲಭ ಉಪಾಯವಿದೆ. ಎತ್ತರದ ಮಾದರಿಯನ್ನು -1ರಿಂದ ಗುಣಿಸಿ ಆರ್.ವಾಕ್‌ಗೆ ಕೊಡಬೇಕು. ಗುಡ್ಡ ಕಣಿವೆಯಾಗುತ್ತದೆ, ಕಣಿವೆ ಗುಡ್ಡವಾಗುತ್ತದೆ. ಜೀಪಿನಿಂದ ಹೊರಟ ಲೆಕ್ಕದಲ್ಲಿ ಪ್ರತಿ ಇಳಿತವೂ ಏರಾಗಿ ಎಣಿಕೆಯಾಗುತ್ತದೆ. ಬರುವ ಉತ್ತರ ಸರಿಯಾಗಿ ಮರಳುವ ಸಮಯ. 30, 60, 90 ನಿಮಿಷಗಳ ಗೆರೆ ಎಳೆದಾಗ, ಒಳಹೋಗುವ ನಕ್ಷೆಯಲ್ಲಿ ಹತ್ತಿರವೆನಿಸಿದ್ದ ಎಷ್ಟೋ ಕಣಿವೆಗಳು 90ರ ಆಚೆ ಜಾರಿದವು.

ಆಮೇಲೆ ಮಳೆಯ ನಕ್ಷೆ. ಮೊದಲೇ ತೆಗೆದಿಟ್ಟ ದೊಡ್ಡ ಹಳ್ಳಗಳನ್ನು ಗೋಡೆಗಳೆಂದು ಪರಿಗಣಿಸಿ ಅದೇ ಲೆಕ್ಕವನ್ನು ಮತ್ತೆ ಓಡಿಸಿದೆ. ಇಲ್ಲಿ ಗೊತ್ತಿರಬೇಕಾದ ಸೂಕ್ಷ್ಮವೊಂದಿದೆ: ಹಳ್ಳ ಒಂದೇ ಚೌಕದಷ್ಟು ಅಗಲವಿದ್ದರೆ ಕಂಪ್ಯೂಟರು ಮೂಲೆಯಿಂದ ಮೂಲೆಗೆ ನುಸುಳುತ್ತದೆ. ಚದುರಂಗದ ಕುದುರೆ ನಡೆಯ ಆಯ್ಕೆಯನ್ನು ಹಾಕಿದ್ದರಂತೂ ಗೋಡೆಯನ್ನೇ ಹಾರಿಬಿಡುತ್ತದೆ. ಗ್ರಾಸ್ ತಂತ್ರಾಂಶದ್ದೇ ಆದ ಆರ್.ಗ್ರೋ ಸಾಧನ ಬಳಸಿ ಹಳ್ಳವನ್ನು ಎರಡೂ ಬದಿಗೆ ದಪ್ಪ ಮಾಡಿದ ಮೇಲೆಯೇ ಲೆಕ್ಕ ನೆಟ್ಟಗಾಯಿತು.

ಒಣ ನಕ್ಷೆ ಮತ್ತು ಮಳೆ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕೆಲಸದ ಸಾರ ಕಣ್ಣೆದುರು ಬಂತು. ಒಣ ದಿನ 50 ನಿಮಿಷದಲ್ಲಿ ಹೊರಬರಬಹುದಾದ ಕೆಲವು ತುಂಡುಗಳು ಮಳೆ ದಿನ ಎಲ್ಲ ಕಡೆಯಿಂದ ಮುಚ್ಚಿಹೋಗುತ್ತಿದ್ದವು: ಎರಡು ಹಳ್ಳ ಕೂಡುವ ಮೂಲೆಗಳು, ಹಿಂದೆ ಕಡಿದಾದ ಗೋಡೆ. ನಕ್ಷೆಯಲ್ಲಿ ಅವಕ್ಕೆ ಕೆಂಪು ಹಚ್ಚಿ ‘ಬೋನು’ ಎಂದು ಬರೆದೆ. ದುರದೃಷ್ಟಕ್ಕೆ ತಂಡದವರು ಎಲ್ಲಕ್ಕಿಂತ ಹೆಚ್ಚು ಆಸೆಯಿಟ್ಟಿದ್ದ ಜೌಗು ಅಂಥದ್ದೊಂದು ಬೋನಿನಲ್ಲೇ ಇತ್ತು. ಹವಾಮಾನ ನೋಡಿಕೊಂಡು ಹೋಗಿಬಂದರೆ ಆಗದೇ ಎಂದು ಹಿರಿಯ ಸಸ್ಯತಜ್ಞರು ಪಟ್ಟು ಹಿಡಿದರು. ನಾನು ನಕ್ಷೆಯ ಬಣ್ಣ ಬದಲಿಸಲು ಒಪ್ಪಲಿಲ್ಲ. ಕೊನೆಗೆ ಹಿಂದಿನ ಗೋಡೆಯಲ್ಲಿ 30 ಡಿಗ್ರಿಗೆ ಕಡಿಮೆ ಇರುವ ಒಂದು ಸೆರಗು ಹುಡುಕಿ, ಹಳ್ಳ ದಾಟದೆ ಮೇಲಿನ ಅಕೇಶಿಯ ತೋಪಿನ ಜೀಪು ದಾರಿಯಿಂದ ಇಳಿಯುವ ಹಾದಿ ಕಟ್ಟಿದೆವು. ಹೋಗುವುದಕ್ಕೆ ದೂರ, ಬರುವುದಕ್ಕೆ ಏರು, ಆದರೂ 90ರ ಒಳಗೆ. ಆಗ ಬಂದ ನಿಯಮವೇ ಉಳಿದ ಕಡೆಗೂ ನಿಂತಿತು: ಯಾವ ಸಮೀಕ್ಷಾ ಜಾಗಕ್ಕೂ ದೊಡ್ಡ ಹಳ್ಳ ದಾಟದೆ ಒಂದು ಹೊರದಾರಿ ಇರಲೇಬೇಕು.

ದಾರಿಯನ್ನು ಒಂದು ಗೆರೆಯಾಗಿ ಕೊಡಲಿಲ್ಲ. ಎತ್ತರದ ಚೌಕ 30 ಮೀಟರಿನದು, ಹಂದರದ ಕೆಳಗೆ ಫೋನಿನ ಜಿಪಿಎಸ್ 10-15 ಮೀಟರ್ ಅಲೆದಾಡುತ್ತದೆ, ಇದರ ಮೇಲೆ ಕೂದಲೆಳೆಯಂಥ ಗೆರೆ ಎಳೆದರೆ ಅದನ್ನು ನಂಬಿ ಬಂಡೆಯ ಅಂಚಿಗೆ ಹೋಗಿ ನಿಲ್ಲುವವರಿರುತ್ತಾರೆ. ಒಳಹೋಗುವ ಮತ್ತು ಮರಳುವ ಸಮಯ ಕೂಡಿಸಿ, ಅತಿ ಕಡಿಮೆಗಿಂತ ನೂರಕ್ಕೆ ಹತ್ತರಷ್ಟರವರೆಗೆ ಹೆಚ್ಚಿರುವ ಚೌಕಗಳನ್ನೆಲ್ಲ ಸೇರಿಸಿ, ಗೆರೆಯ ಬದಲು ನೆಲದ ಒಂದು ಪಟ್ಟಿ ಮಾಡಿಕೊಟ್ಟೆ. ಕೆಲವು ಕಡೆ ಅದು 200 ಮೀಟರ್ ಅಗಲ, ಕೆಲವು ಕಡೆ ಕುತ್ತಿಗೆಯಂತೆ ಕಿರಿದು. ಅಗಲವಿದ್ದಲ್ಲಿ ಮುಂದೆ ನಡೆಯುವ ಅರಣ್ಯ ಇಲಾಖೆಯ ವಾಚರ್ ತನ್ನ ಕಣ್ಣಿಗೆ ಸರಿ ಕಂಡಲ್ಲಿ ನಡೆಯಲಿ. ಕಿರಿದಾದಲ್ಲಿ ಎಲ್ಲರೂ ಎಚ್ಚರವಾಗಿರಲಿ.

ಉಪಗ್ರಹಕ್ಕೆ ಕಾಣದ್ದು

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಟೋಪೋಶೀಟುಗಳು ಈಗ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿನ ಕಾಲುದಾರಿಗಳು ಹಳೆಯವು, ಕೆಲವು ಪೂರ್ತಿ ಮುಚ್ಚಿವೆ. ಕಾಲುಸಂಕಗಳಂತೂ ಪ್ರತಿ ಮಳೆಗಾಲಕ್ಕೂ ಕೊಚ್ಚಿಹೋಗಿ ಮತ್ತೆ ಹುಟ್ಟುತ್ತವೆ. ವಾಚರ್‌ಗಳನ್ನೂ ಸೊಪ್ಪಿನ ಬೆಟ್ಟಕ್ಕೆ ಹೋಗುವ ಊರವರನ್ನೂ ಕೂರಿಸಿಕೊಂಡು, ದೊಡ್ಡ ಕಾಗದದ ನಕ್ಷೆ ಹಾಸಿ, ಯಾವ ಸಂಕ ಇದೆ, ಯಾವುದಿಲ್ಲ, ಹೆಜ್ಜೇನು ಯಾವ ಬಂಡೆಗೆ, ಯಾವ ಮರಕ್ಕೆ ಕಟ್ಟುತ್ತದೆ, ಕಾಡುಕೋಣಗಳು ಹಗಲು ಎಲ್ಲಿ ಮಲಗುತ್ತವೆ ಎಂದು ಬರೆದುಕೊಂಡೆ. ಹೊಳಗೇರು ಮರದ ಸೊನೆ ತಾಗಿ ಮೈ ಊದಿಸಿಕೊಂಡವರ ಕಥೆಗಳೂ ಅಲ್ಲಿ ಸಾಕಷ್ಟು ಬಂದವು. ದಾರಿಯಲ್ಲಿ ಒಂದು ಕೊಂಬೆಯನ್ನೂ ಕಡಿಯಬಾರದು ಎಂಬ ಇಲಾಖೆಯ ಷರತ್ತಿಗೆ ಆ ಕಥೆಗಳೇ ಒಳ್ಳೆಯ ಕಾವಲು.

ಮಂಗನ ಕಾಯಿಲೆಯ ಮಾಹಿತಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂತು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಜ್ವರ ಸಿದ್ದಾಪುರದವರಿಗೆ ಹೊಸದಲ್ಲ. ಉಣುಗು ಕಚ್ಚಿ ಬರುವಂಥದ್ದು. ಮಂಗ ಸತ್ತ ಜಾಗದ ಸುತ್ತ ಸೋಂಕಿನ ಉಣುಗು ಹೆಚ್ಚು. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿದೆ, ಹಾಗಾಗಿ ಉಣುಗು ಹತ್ತದಂತೆ ಹಚ್ಚುವ ಡೀಪಾ ಎಣ್ಣೆ, ಉದ್ದ ಅಂಗಿ, ಸಂಜೆ ಬಿಸಿನೀರಿನ ಸ್ನಾನ, ಇಷ್ಟೇ ರಕ್ಷಣೆ. ಮಂಗನ ಸಾವು ವರದಿಯಾದ ಜಾಗಗಳ ಸುತ್ತ ಅಗಲವಾದ ವೃತ್ತ ಎಳೆದು ಅದನ್ನೂ ಗೋಡೆಯಾಗಿಸಿದೆ. ದಾರಿಯ ಒಂದು ಪಟ್ಟಿ ಇದರಿಂದ ಪೂರ್ತಿ ಕೈಬಿಟ್ಟುಹೋಯಿತು.

ನೆಲದ ಮೇಲೆ

1:10,000ದಲ್ಲಿ ಮುದ್ರಿಸಿ, 100 ಮೀಟರ್ ಚೌಕಗಳ ಜಾಲ ಹಾಕಿ, ಪ್ಲಾಸ್ಟಿಕ್ ಹೊದಿಸಿದ ಕಾಗದ ಎಲ್ಲರ ಚೀಲದಲ್ಲಿತ್ತು. ಫೋನುಗಳಲ್ಲಿ ಕ್ಯೂಫೀಲ್ಡ್ ಎಂಬ ನಕ್ಷೆಯ ಆ್ಯಪ್. ಒಳಹೋಗುವ ಮುನ್ನ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕಗಳಲ್ಲಿ ಮೇಲಿನ ಊರುಗಳ ಅಂಕಿ ನೋಡುವುದು ಕಡ್ಡಾಯ. ಜೊತೆಗಿದ್ದ ಹಿರಿಯ ವಾಚರ್ ನಕ್ಷೆಯ ಕೆಂಪು ತುಂಡನ್ನು ನೋಡಿ, “ಈ ಹಳ್ಳ ಇಲ್ಲಿ ಬಿಸಿಲಿದ್ದರೂ ಏರುತ್ತದೆ ಸರ್, ಮೇಲೆ ಮೋಡ ಕಟ್ಟಿದರೆ ನಾವು ಈಚೆಗೆ ಬಂದುಬಿಡುತ್ತೇವೆ” ಎಂದರು. ಅವರ ಮಾತಿನ ಆಧಾರದ ಮೇಲೆ ಅದರ ಪಕ್ಕದ ಇನ್ನೊಂದು ಸಣ್ಣ ಹಳ್ಳವನ್ನೂ, ಅದರ ಜಲಾನಯನ 2 ಚದರ ಕಿಲೋಮೀಟರಿಗೆ ತುಸು ಕಡಿಮೆಯಿದ್ದರೂ, ಗೋಡೆಗೆ ಸೇರಿಸಿದೆ.

ಹಂದರದ ತೂತುಗಳ ಗುರುತು ಬಹುತೇಕ ನಿಜವಾಯಿತು, ಬಿಟ್ಟು ಸುತ್ತಿದ ಕಡೆಯೆಲ್ಲ ಬೆತ್ತವೇ ಇತ್ತು. ಲೆಕ್ಕದ ಪ್ರಕಾರ 70 ನಿಮಿಷದ ಏರು 85 ಹಿಡಿಯಿತು. ಮರದ ಬೇರು ಮತ್ತು ಒದ್ದೆ ತರಗೆಲೆಯ ಮೇಲೆ ಕಡಿದಾದ ಏರು ಮಾದರಿಯ ಊಹೆಗಿಂತ ನಿಧಾನ. ಗಾಯಾಳು ಇದ್ದರೆ ಇದು ಇಮ್ಮಡಿಯಾಗುತ್ತದೆಂದು ಎಣಿಸಿ, ಒಬ್ಬರೇ ನಡೆದು ಬರುವ 45 ನಿಮಿಷದ ಗೆರೆಯನ್ನೇ ಕೆಲಸದ ಮಿತಿಯಾಗಿ ಬಿಗಿಮಾಡಿದೆವು. ಅದರಿಂದಾಚೆಗಿನ ಜಾಗಗಳಿಗೆ, ಆ ಬೋನಿನ ಜೌಗೂ ಸೇರಿದಂತೆ, ಹೊರುವಷ್ಟು ಜನ ಮತ್ತು ಬಟ್ಟೆಯ ಸ್ಟ್ರೆಚರ್ ಇದ್ದಾಗ ಮಾತ್ರ ಪ್ರವೇಶ. ಮಾದರಿಗೆ ಸ್ವಲ್ಪವೂ ಕಾಣದಿದ್ದದ್ದು ಒಂದು ಬಂಡೆಯ ಜಿಗಿತ, ಆಳೆರಡು ಎತ್ತರದ್ದು, ಪಟ್ಟಿಯ ಕಿರಿದಾದ ಕುತ್ತಿಗೆಗೆ ಸರಿಯಾಗಿ ಅಡ್ಡ. ವಾಚರ್ ಪಟ್ಟಿಯ ಆಚೆಯಿಂದ ಸುತ್ತಿಸಿ ಇಳಿಸಿದರು. ಆ ಜಾಗ ಈಗ ಕೈಯಿಂದ ಹಾಕಿದ ಗೋಡೆಯಾಗಿ ನಕ್ಷೆಯಲ್ಲಿದೆ.

ಬಾಕಿ ಕೆಲಸ

ನಡೆದ ಜಾಡುಗಳನ್ನು ಯಾವ ಸಾರ್ವಜನಿಕ ಆ್ಯಪ್‌ಗೂ ಏರಿಸಿಲ್ಲ. ಜೌಗುಗಳ ನಿಖರ ಸ್ಥಾನ ತಂಡದ ಬಳಿ ಮತ್ತು ಇಲಾಖೆಯ ಬಳಿ ಮಾತ್ರ. ಜಾಡು ಹೊರಗೆ ಹೋದರೆ ಮುಂದಿನ ಭಾನುವಾರವೇ ಚಾರಣದ ಗುಂಪು ಬೇರುಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತದೆ. ಸೂತ್ರಗಳನ್ನು, ಅಡಚಣೆಯ ಅಂಕಿಗಳನ್ನು ಮೇಲೆ ಕೊಟ್ಟಿದ್ದೇನೆ. ಬೇರೆ ಕಾಡಿಗೆ ಒಯ್ಯುವವರು ನಡಿಗೆಯ ವೇಗವನ್ನು ಅಲ್ಲಿಯೇ ಅಳೆದುಕೊಳ್ಳಬೇಕು. ಬಂಡೀಪುರದ ಲಂಟಾನಕ್ಕೆ ನನ್ನ 1.3 ಹೊಂದುವುದಿಲ್ಲ.

ಇಸ್ರೊ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಿದ ನೈಸಾರ್‌ನಲ್ಲಿ 24 ಸೆಂಟಿಮೀಟರಿನ ಉದ್ದ ಅಲೆಯ ರಾಡಾರ್ ಇದೆ. ಹಂದರವನ್ನು ಸೆಂಟಿನೆಲ್-1ಕ್ಕಿಂತ ಆಳವಾಗಿ ಹೊಕ್ಕು, ಮರಗಳ ಕೆಳಗೆ ನಿಂತ ನೀರನ್ನು ಗುರುತಿಸುವ ಶಕ್ತಿ ಅದಕ್ಕಿರಬೇಕು. ಗೊತ್ತಿರುವ ಜೌಗುಗಳ ಮೇಲೆ ಮಳೆಗಾಲದ್ದೊಂದು, ಮಾರ್ಚಿನದೊಂದು ದೃಶ್ಯ ಹೋಲಿಸಿ ನೋಡಬೇಕೆಂದಿದ್ದೇನೆ. ಅದಕ್ಕೂ ಮುಂಚೆ ಮಳೆಗಾಲ ಮುಗಿದೊಡನೆ ಹಿಂದಿನ ಮತ್ತು ಹೊಸ ಸೆಂಟಿನೆಲ್-2 ಚಿತ್ರಗಳನ್ನು ಕಳೆದು, ಎಲ್ಲಿ ಧರೆ ಕುಸಿದಿದೆ, ಎಲ್ಲಿ ಹೊಸ ತೂತು ಬಿದ್ದಿದೆ ಎಂದು ನೋಡಿ, ಹೊರದಾರಿಗಳ ಲೆಕ್ಕವನ್ನು ಮತ್ತೆ ಓಡಿಸಬೇಕು. ಹಳೆಯ ನಕ್ಷೆಯ ಪ್ರತಿಗಳನ್ನು ಎಲ್ಲರಿಂದ ವಾಪಸು ಪಡೆಯುವಂತೆ ತಂಡದವರಿಗೆ ಹೇಳಿದ್ದೇನೆ.